ಹದಿನಾಲ್ಕು ಕುರಿಗಳ ಎಡಗಿವಿ

ಹದಿನಾಲ್ಕು ಕುರಿಗಳ ಕಿವಿಯನ್ನು ನಾನು ಕೈಯಾರೆ ಕತ್ತರಿಸಿದೆ. ಕೊನೆಯ ಕುರಿಯ ಕಿವಿಯಂಚಿನಿಂದ ಉಗುರಿನಷ್ಟು ಚೂರು ತೆಗೆದು ನಳಿಕೆಗೆ ಹಾಕುತ್ತಿದ್ದಾಗ ನನ್ನ ಸೋದರತ್ತೆ ಕೊಡ ಹೊತ್ತು ಹಟ್ಟಿಗೆ ಬಂದಳು. ಕುರಿಗಳ ಕಿವಿ ನೋಡಿದಳು, ನನ್ನ ಕೈಯಲ್ಲಿದ್ದ ಕತ್ತರಿ ನೋಡಿದಳು, ಕೊಡ ಇಳಿಸಿ ನನ್ನ ಮುಂಗೈ ಮೇಲೆ ಫಟ್ಟನೆ ಬಾರಿಸಿದಳು. ನಲವತ್ತು ದಾಟಿದ, ಹೆಸರಿನ ಮುಂದೆ ಡಾಕ್ಟರ್ ಅಂತ ಬರೆದುಕೊಳ್ಳುವ ಹೆಂಗಸು ನಾನು. ಏಟು ಬಿದ್ದ ಕೈಯನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅತ್ತೆ ನನ್ನನ್ನು ಹೊಡೆದದ್ದು ಅದೇ ಮೊದಲು.

"ಲೇ, ಏನ್ ಮಾಡಿದೆ ನೀನು?" ಎಂದಳು. "ನನ್ನ ಕುರಿ ಎಲ್ಲಾ ದಾಟಿಸಿಬಿಟ್ಯಲ್ಲ!"

ಏನು ದಾಟಿಸಿದೆ, ಎಲ್ಲಿಗೆ ದಾಟಿಸಿದೆ, ನನಗೆ ತಲೆಬುಡ ಹತ್ತಲಿಲ್ಲ. ಕುರಿಗಳು ಇದ್ದಲ್ಲೇ ಇದ್ದವು. ಒಂದು ನನ್ನ ಸೀರೆಯ ಸೆರಗನ್ನು ಜಗಿಯುತ್ತಿತ್ತು.

ನಮ್ಮದು ಕುರಿ ಸಾಕುವ ಮನೆತನ. ಮೂಲ ಮನೆ ತೆಲಿಗಿಯ ಹತ್ತಿರ. ಆದರೆ ಅಪ್ಪ ಮೇಷ್ಟ್ರಾಗಿ ಹಡಗಲಿಗೆ ಬಂದರು, ನಾನು ಹಡಗಲಿಯ ಓಣಿಯಲ್ಲಿ ಬೆಳೆದೆ. ಕುರಿ ಅಂದರೆ ಬೇಸಿಗೆ ರಜೆಯಲ್ಲಿ ನೋಡುವ ಪ್ರಾಣಿ ಅಷ್ಟೇ. ಅಪ್ಪನ ತಂಗಿ, ಅಂದರೆ ಈ ಅತ್ತೆ, ಮದುವೆಯಾಗಿ ಕೋಗಳಿ ಕಡೆಯ ಹಳ್ಳಿಗೆ ಬಂದಳು. ಮಾವ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮಕ್ಕಳಿಲ್ಲ. ಮಾವನ ತಮ್ಮನ ಮನೆಯ ಹಿಂಡಿನೊಳಗೇ ಅತ್ತೆಯ ಕುರಿಗಳೂ ಮೇಯುತ್ತವೆ. ಆ ತಮ್ಮನನ್ನು ನಾನು ಸಣ್ಣಮಾವ ಅನ್ನುತ್ತೇನೆ. ದೊಡ್ಡ ಮೀಸೆಯ, ಮಾತು ಕಡಿಮೆಯ ಮನುಷ್ಯ. ಅವನ ಬಗ್ಗೆ ನನಗೆ ಯಾವತ್ತೂ ಅಷ್ಟಕ್ಕಷ್ಟೇ. ವಿಧವೆ ಅತ್ತಿಗೆಯ ಕುರಿಗಳ ಮೇಲೆ ಅವನಿಗೆ ಕಣ್ಣಿದೆ ಅಂತ ನಾನೇ ಊಹಿಸಿಕೊಂಡು, ನಾನೇ ನಂಬಿಕೊಂಡಿದ್ದೆ.

ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಕಿವಿ ಯಾಕೆ ಕತ್ತರಿಸಿದೆ ಅಂತ ತಿಳಿಯುವುದಿಲ್ಲ. ಕುರಿಯ ಒಂದೊಂದು ಜೀವಕೋಶದೊಳಗೂ ಡಿಎನ್‌ಎ ಅನ್ನುವ ಎಳೆ ಇದೆ. ಬಿಚ್ಚಿ ಹಾಸಿದರೆ ಆಳುದ್ದ ಬರುವ ಎಳೆ, ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ ಮಡಚಿಕೊಂಡು ಕೂತಿದೆ. ಸುಮ್ಮನೆ ತುರುಕಿದ್ದಲ್ಲ, ಮಡಿಕೆಗೆ ಕ್ರಮ ಇದೆ. ಒಂದು ಮಡಿಕೆಯೊಳಗಿನ ಜೀನುಗಳಿಗೆ ಒಂದರ ಮಾತು ಇನ್ನೊಂದಕ್ಕೆ ಕೇಳುತ್ತದೆ. ಗಡಿಯಾಚೆಯದು ಸಾಮಾನ್ಯವಾಗಿ ಕೇಳುವುದಿಲ್ಲ. ಈಗ ವಿಚಿತ್ರ ಕೇಳಿ. ಆ ಎಳೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಭಾಗ ಅಲೆಮಾರಿ ತುಂಡುಗಳದು. ತಮ್ಮದೇ ನಕಲು ಮಾಡಿಕೊಂಡು, ಎಳೆಯ ಇನ್ನೆಲ್ಲೋ ಹೋಗಿ ಬೀಡುಬಿಟ್ಟು, ಅಲ್ಲೇ ತಲೆತಲಾಂತರ ಉಳಿದುಬಿಟ್ಟವು. ಬಹಳ ಕಾಲ ಅವನ್ನು ಕಸ ಅಂತಲೇ ಕರೆದರು. ಆಮೇಲೆ ಗೊತ್ತಾಯಿತು, ಎಳೆ ಎಲ್ಲಿ ಮಡಚಬೇಕು, ಗಡಿ ಎಲ್ಲಿ ಬೀಳಬೇಕು ಅನ್ನುವುದನ್ನು ಎಷ್ಟೋ ಕಡೆ ಈ ತುಂಡುಗಳೇ ತೀರ್ಮಾನ ಮಾಡುತ್ತವೆ. ಒಂದು ತುಂಡು ಬಂದು ಬಿದ್ದರೆ ಅಲ್ಲೊಂದು ಹೊಸ ಗಡಿ ಏಳಬಹುದು, ಈ ಮಡಿಕೆಯಲ್ಲಿದ್ದ ಜೀನು ಆ ಮಡಿಕೆಯ ಪಾಲಾಗಬಹುದು. ಇದನ್ನು ಮೊದಲ ಸಲ ಕೇಳಿದಾಗ ನನಗೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಕುರಿಯೊಳಗೆ ಕುರಿಯೇ ಅರ್ಧ, ಮಿಕ್ಕಿದ್ದೆಲ್ಲ ಬಂದು ಸೇರಿಕೊಂಡಿದ್ದು! ನಮ್ಮೊಳಗೂ ಹಾಗೇ ಅಂತ ನೆನಪಾದಾಗ ಕನ್ನಡಿ ನೋಡಿಕೊಳ್ಳಲೂ ಒಂಥರಾ ಆಗಿತ್ತು.

ಅತ್ತೆಗೆ ಇದನ್ನೆಲ್ಲ ಅವಳ ಕಂಬಳಿ ನೂಲು ಹಿಡಿದು ವಿವರಿಸಿದ್ದೆ. ಉಣ್ಣೆಯಲ್ಲಿ ಮುಳ್ಳುಕಾಯಿ ಸಿಕ್ಕಿಕೊಂಡ ಕಡೆ ನೂಲು ಮಡಚಿಕೊಳ್ಳುತ್ತದಲ್ಲ, ಹಾಗೆ ಅಂದಿದ್ದೆ.

"ಮುಳ್ಳು ಸಿಕ್ರ ಕಿತ್ತು ಒಗೀಬೇಕಪ," ಎಂದಿದ್ದಳು. "ಅದನ್ನ ಕುಂತು ನೋಡಾಕ ಇಷ್ಟು ವರ್ಷ ಓದಿದ್ಯಾ?"

ಪ್ರಯೋಗಾಲಯಕ್ಕೆ ನಮ್ಮ ಸೀಮೆಯ ಕುರಿಗಳ ಜೀವಂತ ಚೂರು ಬೇಕಿತ್ತು. ಚೂರನ್ನು ತೆಗೆದ ಕೂಡಲೇ ಔಷಧಿಯಲ್ಲಿ ಅದ್ದಿ, ಎಳೆ ಇದ್ದ ಮಡಿಕೆಯಲ್ಲೇ ಬಿಗಿದು ನಿಲ್ಲುವಂತೆ ಮಾಡಿ, ಹೊಗೆಯಾಡುವ ದ್ರವ ಸಾರಜನಕದ ಡಬ್ಬಿಗೆ ಇಳಿಸಬೇಕು. ಕಿವಿಯಂಚು ಸುಲಭ, ಕುರಿಗೆ ನೋವೂ ಕಡಿಮೆ. ಅತ್ತೆಯ ಕುರಿಗಳ ಬಲಗಿವಿಯ ತುದಿ ಆಗಲೇ ಸೀಳಿತ್ತು. ಪಾಪ, ಅದನ್ನು ಮತ್ತೆ ಯಾಕೆ ಮುಟ್ಟಬೇಕು ಅಂತ ಎಡಗಿವಿಯ ಹಿಂದಂಚನ್ನು ಆರಿಸಿಕೊಂಡೆ. ಸಣ್ಣಮಾವ ಹಂಪಸಾಗರದ ಕಡೆ ಹಿನ್ನೀರಿನ ಹುಲ್ಲು ನೋಡಿಬರಲು ಹೋಗಿದ್ದ, ಅತ್ತೆ ನೀರಿಗೆ ಹೋಗಿದ್ದಳು. ಕೇಳುವವರು ಯಾರೂ ಇರಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಹಟ್ಟಿಯ ಹಿರಿಯರು ನಾಲ್ಕು ಮಂದಿ ಬಂದು ಕೂತರು. ಅವರಲ್ಲಿ ಹಣ್ಣುಹಣ್ಣಾದ ಒಬ್ಬ ಮುದುಕ ಒಂದೊಂದು ಕುರಿಯ ಕಿವಿಯನ್ನೂ ಬೆರಳಲ್ಲಿ ಸವರಿ ನೋಡಿದ.

"ನೋಡವ್ವ," ಎಂದ ನನಗೆ. "ಬಲಗಿವಿ ತುದಿ ಸೀಳಿದ್ರ ಅದು ನಿಮ್ಮ ತವರಿನ ಗುರುತು. ಎಡಗಿವಿ ಹಿಂದಂಚು ಕೊಯ್ದಿದ್ರ ಈ ಮನಿ ಗುರುತು. ಒಂದರ ಮ್ಯಾಲ ಇನ್ನೊಂದು ಬಿತ್ತಂದ್ರ ಕುರಿ ದಾಟಿತು ಅಂತ ಅರ್ಥ. ಹಳೇದು ಹೋತು, ಹೊಸದು ನಿಂತಿತು. ಮುತ್ಯಾರ ಕಾಲದಿಂದ ಹಿಂಗ ನಡದೈತಿ."

ಆಗ ನನಗೆ ತಿಳಿಯಿತು. ಮದುವೆಯಲ್ಲಿ ತವರಿನವರು ಅತ್ತೆಗೆ ಬಳುವಳಿಯಾಗಿ ಕೊಟ್ಟ ಕುರಿಗಳು, ಅವುಗಳ ಹೆಣ್ಣುಮರಿ, ಆ ಮರಿಗಳ ಮರಿ, ಹೀಗೆ ಬಂದದ್ದೆಲ್ಲ ಅತ್ತೆಯ ಸ್ವಂತದ್ದು. ಮನೆ ಪಾಲಾದರೂ ಅವಕ್ಕೆ ಪಾಲಿಲ್ಲ. ಅವಳದು ಅನ್ನುವುದಕ್ಕೆ ಇರುವ ಒಂದೇ ಸಾಕ್ಷಿ ಆ ಬಲಗಿವಿಯ ಸೀಳು. ಅದು ನನ್ನ ಸ್ವಂತ ಮನೆತನದ ಗುರುತು. ಅದನ್ನೇ ಗುರುತಿಸದ ಮಹಾಪಂಡಿತೆ ನಾನು, ಪಕ್ಕದ ಕಿವಿಗೆ ಗಂಡನ ಮನೆಯ ಗುರುತನ್ನು ನೀಟಾಗಿ ಹಾಕಿಕೊಟ್ಟಿದ್ದೆ. ಹದಿನಾಲ್ಕರಲ್ಲಿ ಎಂಟು ಕುರಿ ಗಬ್ಬವಾಗಿದ್ದವು. ಮರಿಗೆ ತಾಯಿಯ ಗುರುತನ್ನೇ ಹಾಕುತ್ತಾರೆ. ಈ ಸಲದ ಮರಿಗಳಿಗೆ ಎಡಗಿವಿ ಕೊಯ್ದರೆ ಅತ್ತೆಯ ಕುರಿ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

"ಅತ್ತಿಗಿ ಕುರಿ ಅತ್ತಿಗಿಗೇ ಇರ್ಲಿ ಬಿಡ್ರಿ," ಎಂದ ರಾತ್ರಿ ಮರಳಿದ್ದ ಸಣ್ಣಮಾವ, ನೆಲ ನೋಡುತ್ತ. "ಹುಡುಗಿ ತಿಳೀದ ಮಾಡ್ಯಾಳ."

"ಹಂಗ ಬಾಯಿಮಾತಿಗೆ ಬಿಟ್ರ ನಾಳೆ ಯಾರ್ಯಾರ ಕುರಿ ಕಿವಿ ಯಾರ್ಯಾರು ಕೊಯ್ತಾರೋ," ಎಂದ ಮುದುಕ. "ಗುರುತು ಸುಳ್ಳು ಅಂಬಾಕ ಸಾಕ್ಷಿ ಬೇಕು. ಕುರಿ ಬಂದು ಸಾಕ್ಷಿ ಹೇಳ್ತಾವೇನು?"

"ಹೇಳ್ತಾವ್ರಿ!" ಅಂದುಬಿಟ್ಟೆ ನಾನು.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಆ ಅಲೆಮಾರಿ ತುಂಡುಗಳು ಒಂದು ಜಾಗದಲ್ಲಿ ಬಿದ್ದರೆ ಸಾಮಾನ್ಯಕ್ಕೆ ಏಳುವುದಿಲ್ಲ, ತಾಯಿಯಿಂದ ಮರಿಗೆ ಇಳಿದುಬರುತ್ತವೆ, ಯಾವ ಹಿಂಡಿನಲ್ಲಿ ಯಾವ ಯಾವ ಜಾಗದಲ್ಲಿ ಬಿದ್ದಿವೆ ಅಂತ ನೋಡಿದರೆ ಮೂಲ ಗೊತ್ತಾಗುತ್ತದೆ ಅಂದೆ. ಅದೂ ಸಾಲದೆಂದರೆ ತಾಯಿಯಿಂದ ಮಾತ್ರ ಬರುವ ಇನ್ನೊಂದು ಸಣ್ಣ ಎಳೆ ಇದೆ, ಟಗರು ಯಾವ ಮನೆಯದಾದರೂ ಅದು ಕೆಡುವುದಿಲ್ಲ ಅಂದೆ. ತವರಿನ ಹಿಂಡಿನದನ್ನೂ ಇಲ್ಲಿಯದನ್ನೂ ಹೋಲಿಸಿ ಬರೆದುಕೊಡುತ್ತೇನೆ, ಅದೇ ಕೊನೆಯ ಮಾತು ಅಂದೆ. ಮುದುಕ ತಲೆಯಾಡಿಸಿದ. ಕಿವಿಯನ್ನು ಹಾಳು ಮಾಡಿದವಳೇ ಸರಿ ಮಾಡಲಿ ಅಂತ ಅವನಿಗೂ ಅನ್ನಿಸಿರಬೇಕು.

ಆದರೆ ಸಣ್ಣಮಾವ ಥಟ್ಟನೆ ತಲೆ ಎತ್ತಿದ. "ಬ್ಯಾಡವ್ವ. ಏನಾರ ಮಾಡು, ಆ ಪರೀಕ್ಷಿ ಒಂದು ಬ್ಯಾಡ."

ನೋಡಿದಿರಾ, ಬಣ್ಣ ಬಯಲಾಯಿತು ಅಂದುಕೊಂಡೆ ನಾನು. ಅತ್ತೆಯ ಕಡೆ ತಿರುಗಿದೆ, ಅವಳಾದರೂ ನನ್ನ ಬೆನ್ನಿಗೆ ನಿಲ್ಲುತ್ತಾಳೆ ಅಂತ. ಅವಳ ಮುಖ ಬಿಳಿಚಿಕೊಂಡಿತ್ತು.

"ಕುರಿ ದಾಟಿದ್ರ ದಾಟ್ಲಿ," ಎಂದಳು. "ಪರೀಕ್ಷಿ ಗಿರೀಕ್ಷಿ ಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. ಮೈದುನನಿಗೆ ಹೆದರಿ ಇದ್ದಬದ್ದ ಕುರಿಗಳನ್ನೂ ಬಿಟ್ಟುಕೊಡುವ ಅತ್ತೆಯ ಮೇಲೆ ಸಿಟ್ಟು, ಹೆದರಿಸುವ ಅವನ ಮೇಲೆ ಸಿಟ್ಟು. ಇಬ್ಬರೂ ಬೇಡ ಅಂದರೂ ನಾನು ಹಿರಿಯರ ಎದುರಿಗೇ ಸಣ್ಣಮಾವನ ಕುರಿಗಳಿಂದ ರಕ್ತ ತೆಗೆದು, ಡಬ್ಬಿ ಎತ್ತಿಕೊಂಡು ಹೊರಟೆ. ತೆಲಿಗಿಗೆ ಹೋಗಿ ದೊಡ್ಡಪ್ಪನ ಮಕ್ಕಳ ಹಿಂಡಿನಿಂದ ರಕ್ತ ತೆಗೆದುಕೊಂಡೆ. ಕಿವಿಯ ತಂಟೆಗೆ ಹೋಗಲಿಲ್ಲ.

ನಾಲ್ಕೈದು ತಿಂಗಳು ಕಳೆದು ಫಲಿತಾಂಶ ಬಂತು. ಪರದೆಯ ಮೇಲೆ ಅದನ್ನು ನೋಡಿ ಮಾದರಿಗಳು ಅದಲುಬದಲಾಗಿವೆ ಅಂದುಕೊಂಡೆ. ಮತ್ತೊಮ್ಮೆ ಮಾಡಿಸಿದೆ. ಮತ್ತೂ ಅದೇ. ತೆಲಿಗಿಯ ಹಿಂಡಿನಲ್ಲಿ ಒಂದು ತುಂಡು ಬಿದ್ದ ಜಾಗ ಇತ್ತು. ಅಲ್ಲಿ ಎಳೆ ಹೆಚ್ಚಿನದೊಂದು ಮಡಿಕೆ ಹಾಕಿಕೊಂಡಿತ್ತು, ನನ್ನ ಸಹೋದ್ಯೋಗಿಗಳು ಅದನ್ನು ನೋಡಿ ಕುಣಿದಾಡುತ್ತಿದ್ದರು. ಅತ್ತೆಯ ಹದಿನಾಲ್ಕು ಕುರಿಗಳಲ್ಲಿ ಒಂದರಲ್ಲೂ ಆ ತುಂಡಿಲ್ಲ, ಆ ಮಡಿಕೆಯೂ ಇಲ್ಲ. ಬೇರೆ ಜಾಗಗಳಲ್ಲೂ ಅದೇ ಉತ್ತರ. ಗಂಡನ ಮನೆಯ ಟಗರುಗಳಿಂದ ಕಲಬೆರಕೆಯಾಗಿ ತುಂಡು ಕಳೆದುಹೋಗಿರಬಹುದು ಅಂತ ಕೊನೆಯ ಆಸೆಗೆ ಆ ತಾಯಿಯೆಳೆಯನ್ನು ನೋಡಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ ಸಣ್ಣಮಾವನ ಹಿಂಡಿನವೇ. ಅತ್ತೆಯ ತವರಿನ ಕುರಿ ಅಂತ ಒಂದೂ ಇರಲಿಲ್ಲ.

ಸುಳ್ಳು ಗುರುತು ಹಾಕಿದವಳು ಅತ್ತೆಯೇ ಇರಬಹುದೇ ಅನ್ನುವ ಯೋಚನೆ ಬಂತು. ಅಂಥ ಯೋಚನೆ ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಬ್ಬರೂ ಬೇಡ ಅಂದಿದ್ದರಲ್ಲ, ಬಿಟ್ಟುಬಿಡಲು ನನಗೇನಾಗಿತ್ತು? ಆದರೆ ನಾಲ್ಕು ಜನರ ಮುಂದೆ ಮಾತು ಕೊಟ್ಟಾಗಿತ್ತು. ಮರಿಗಳು ಹುಟ್ಟಿದ್ದವು. ಗುರುತು ಹಾಕುವ ದಿನ ಗೊತ್ತಾಗಿತ್ತು.

ಆ ದಿನ ಬೆಳಿಗ್ಗೆ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿಗೆ ಬಂದಿಳಿದೆ. ಸಣ್ಣಮಾವ ಮೋಟರ್ ಸೈಕಲ್ ತಂದು ನಿಲ್ದಾಣದ ಹೊರಗೆ ಕಾಯುತ್ತಿದ್ದ. ಚಹಾ ಕುಡಿಯೋಣ ಅಂದ. ಗ್ಲಾಸು ಕೈಗೆ ಬಂದ ಕೂಡಲೇ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅವನು ಗೆದ್ದ ಮುಖ ಮಾಡುತ್ತಾನೆ ಅಂತ ಕಾದೆ.

"ನನಗ ಗೊತ್ತೈತವ್ವ," ಎಂದ.

"ಏನ್ ಗೊತ್ತೈತ್ರಿ ಮಾವ?"

ಅವನು ಗ್ಲಾಸನ್ನು ಕಟ್ಟೆಯ ಮೇಲಿಟ್ಟ. "ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಿಮ್ಮತ್ತಿ ಚೊಚ್ಚಲ ಬಾಣಂತನಕ್ಕ ತೆಲಿಗಿಗೆ ಹೋಗಿದ್ಲು. ನಾವಿಬ್ರೂ ಅಣ್ತಮ್ರು ಹಿಂಡು ಹೊಡಕೊಂಡು ಹೊಳಿ ಕಡಿ ಇದ್ವಿ. ನೀಲಿ ನಾಲಿಗಿ ಬ್ಯಾನಿ ಬಂತು. ಒಂದು ವಾರದಾಗ ನಮ್ಮವೂ ಸುಮಾರು ಹೋದ್ವು, ಆಕಿ ತವರಿನ ಕುರಿ ಅಷ್ಟೂ ಸತ್ತವು. ಒಂದೂ ಉಳೀಲಿಲ್ಲ. ತೆಗ್ಗು ತೋಡಿ ಮುಚ್ಚಾಕ ಹತ್ತಿದ್ವಿ, ಅಷ್ಟರಾಗ ತೆಲಿಗಿಯಿಂದ ಮಂದಿ ಬಂದ್ರು. ಕೂಸು ಸತ್ತ ಹುಟ್ಟೇತಿ ಅಂದ್ರು."

ಬಸ್ಸೊಂದು ಹಾರನ್ ಹೊಡೆಯುತ್ತ ಹಿಂದೆ ಸರಿಯಿತು. ಅದು ಹೋದ ಮೇಲೆ ಮುಂದುವರಿಸಿದ.

"ನಮ್ಮಣ್ಣ ಅಲ್ಲೇ ಕುಕ್ಕುರಗಾಲಿಲೆ ಕುಂತ. ಕೂಸು ಹೋಗೇತಿ, ಈಗ ಕುರೀನೂ ಹೋದ್ವು ಅಂತ ಆಕಿಗೆ ಯಾವ ಬಾಯಿಲೆ ಹೇಳ್ಲಿ ಅಂದ. ಆಮ್ಯಾಲೆ ಎದ್ದು ನಮ್ಮ ಹಿಂಡಿನಾಗಿನ ಹೆಣ್ಣುಮರಿ ಆರಿಸಿ ಬಲಗಿವಿ ತುದಿ ಸೀಳಿದ. ಅಂವ ಕೊಯ್ದ, ನಾ ಮರಿ ಹಿಡದೆ. ನಮ್ಮವ್ವಗೂ ಹೇಳಿಲ್ಲ. ಅತ್ತಿಗಿಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕ ಪರೀಕ್ಷಿ ಬ್ಯಾಡ ಅಂದಿದ್ದೆ ನಿನಗ."

ಇಷ್ಟು ವರ್ಷ ಈ ಮನುಷ್ಯನ ಮೀಸೆ ನೋಡಿ ಲೆಕ್ಕ ಹಾಕಿದ್ದೆನಲ್ಲ ಅಂತ ನಾಚಿಕೆಯಿಂದ ಕುಗ್ಗಿಹೋದೆ.

"ಈಗೇನು ಹೇಳ್ತಿ ಹಿರೇರ ಮುಂದ?" ಎಂದು ಕೇಳಿದ.

ಹಟ್ಟಿ ತಲುಪುವವರೆಗೂ ನಾನು ಅದನ್ನೇ ಯೋಚಿಸಿದೆ. ಫಲಿತಾಂಶವನ್ನು ತಿರುಚಿ ಹೇಳುವುದು ನಮ್ಮ ಕಸುಬಿನಲ್ಲಿ ಕಳ್ಳತನಕ್ಕಿಂತ ಕೀಳು. ಪ್ರಯೋಗಾಲಯದ ಕಡತದಲ್ಲಿ ಆಗಲೇ ಇದ್ದದ್ದನ್ನೇ ಬರೆದಿಟ್ಟಿದ್ದೆ, ಅದು ಬದಲಾಗುವುದಿಲ್ಲ. ಆದರೆ ಇಲ್ಲಿ ಈ ಹಿರಿಯರು ಕೇಳುತ್ತಿದ್ದದ್ದು ಕುರಿಯೊಳಗಿನ ಎಳೆ ಯಾವ ಹಿಂಡಿನದು ಅಂತಲೋ, ಕುರಿ ಯಾರದು ಅಂತಲೋ, ನನಗೆ ತಿಳಿಯದಾಯಿತು.

ಹಿರಿಯರು ಬೇವಿನ ಮರದ ಕೆಳಗೆ ಕೂತಿದ್ದರು. ಮರಿಗಳು ಬುಟ್ಟಿಯ ಕೆಳಗೆ ಕಿರುಚುತ್ತಿದ್ದವು. ಅತ್ತೆ ಗೋಡೆಗೆ ಒರಗಿ, ನನ್ನ ಕಣ್ಣು ತಪ್ಪಿಸಿ ನಿಂತಿದ್ದಳು. ಮುದುಕ ಕೇಳಿದ, "ಏನಂದ್ವವ್ವ ಕುರಿ?"

ಚೀಲದಿಂದ ಕಾಗದ ತೆಗೆದೆ. ಅದರಲ್ಲಿದ್ದದ್ದು ಇಂಗ್ಲಿಷು, ಅಲ್ಲಿ ಯಾರಿಗೂ ಓದಲು ಬರುವುದಿಲ್ಲ.

"ಹದಿನಾಲ್ಕೂ ನಮ್ಮತ್ತಿಯವೇ ರೀ," ಎಂದೆ.

ಮುದುಕ ಎಡಗಿವಿಗಳ ಕೊಯ್ತವನ್ನು ಮುಳ್ಳುಬೇಲಿಗೆ ಸಿಕ್ಕಿ ಹರಿದದ್ದು ಅಂತ ತಿಳಿಯಬೇಕು ಎಂದು ತೀರ್ಪು ಹೇಳಿದ. ಎಂಟು ತಾಯಂದಿರ ಮರಿಗಳನ್ನು ಒಂದೊಂದಾಗಿ ಸಣ್ಣಮಾವನೇ ಹಿಡಿದುಕೊಟ್ಟ, ಅತ್ತೆ ತಾನೇ ಬಲಗಿವಿಯ ತುದಿ ಸೀಳಿ ಬೂದಿ, ಅರಿಶಿನ ಒತ್ತಿದಳು.

ಎಲ್ಲ ಮುಗಿದ ಮೇಲೆ ಅವಳು ನನಗೆ ರೊಟ್ಟಿ ಬಡಿಸಲು ಒಳಗೆ ಕರೆದಳು. ತಟ್ಟೆ ಮುಂದಿಟ್ಟು ಎದುರು ಕೂತಳು.

"ಸುಳ್ಳು ಹೇಳಾದು ಯಾವಾಗ ಕಲ್ತಿ ನೀನು?" ಎಂದಳು.

ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಕುರುಬರ ಮನ್ಯಾಗ ಹುಟ್ಟಿದಾಕಿಗೆ ತನ್ನ ಕುರಿ ಗುರ್ತು ಹಿಡ್ಯಾಕ ಕಿವಿ ಬೇಕೇನಲೇ? ಮುಖ-ಮಾರಿ ನೋಡಿದ್ರ ಸಾಕು. ಕೂಸು ಹೋದ ಮ್ಯಾಲೆ ನಾ ತವರಿಂದ ಬರಿಗೈಲೆ ಬಂದೆ. ನಿಮ್ಮಾವ ನನ್ನ ಮುಂದ ಮರಿ ತಂದು ನಿಂದ್ರಿಸಿದ. ದೊಡ್ಡ ಕುರಿ ಬ್ಯಾನಿಗೆ ಹೋದ್ವು, ಅವುಗಳ ಮರಿ ಉಳದಾವು ನೋಡು, ನಿನ್ನ ತವರಿನ ಕುರಿ ವಂಶ ಎಲ್ಲಿಗೂ ಹೋಗಿಲ್ಲ ಅಂದ. ಮುಖ ಎತ್ತಲಿಲ್ಲ. ನಾ ಒಂದೊಂದರ ಮಾರಿ ನೋಡಿದೆ. ಒಂದೂ ನನ್ನವಲ್ಲ. ಕಿವಿ ಗಾಯ ಇನ್ನೂ ಹಸಿ ಇದ್ದವು."

"ಮತ್ತ ನೀ ಏನಂದಿ ಅತ್ತಿ?"

"ಏನನ್ಲಿ? ಹೌದು, ನಮ್ಮವ ಅಂದೆ. ಅವತ್ತಿಂದ ನಮ್ಮವ ಆದ್ವು." ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ಬಾಗಿ ದನಿ ತಗ್ಗಿಸಿದಳು. "ನಿಮ್ಮ ಸಣ್ಣಮಾವಗ ಮಾತ್ರ ತಿಳೀಬಾರದು. ಇಬ್ಬರದೂ ಕೂಡಿದ ಹಿಂಡು ಅದು. ಅಣ್ಣ ತನಗ ಹೇಳದಂಗ ಮರಿ ಕದ್ದು ಹೆಂಡ್ತಿಗೆ ಗುರುತು ಹಾಕ್ಯಾನ ಅಂತ ಗೊತ್ತಾದ್ರ ಅಂವ ಉಳಿಯಂಗಿಲ್ಲ, ಅಣ್ಣ ಅಂದ್ರ ದೇವರು ಅವಗ. ಅದಕ್ಕ ಪರೀಕ್ಷಿ ಬ್ಯಾಡ ಅಂದಿದ್ದೆ. ನನ್ನ ಆಣಿ ಐತಿ, ಹೇಳಬ್ಯಾಡ."

ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ಬಾಗಿಲಾಚೆ ಸಣ್ಣಮಾವ ಮರಿಗಳನ್ನು ತಾಯಂದಿರ ಹತ್ತಿರ ಬಿಡುತ್ತಿದ್ದ, ಅವನ ನಾಲಿಗೆಯ 'ಚ್ಚು ಚ್ಚು' ಸದ್ದು ಒಳಗೆ ಕೇಳುತ್ತಿತ್ತು. ಇಪ್ಪತ್ತೈದು ವರ್ಷ ಒಂದೇ ಹಟ್ಟಿಯಲ್ಲಿದ್ದುಕೊಂಡು ಅವನು ಇವಳಿಂದ, ಇವಳು ಅವನಿಂದ ಅದೇ ಒಂದು ಮಾತನ್ನು ಬಚ್ಚಿಟ್ಟಿದ್ದರು. ಅದನ್ನು ಕೆದಕಲು ನಾನು ಲಕ್ಷಗಟ್ಟಲೆ ಬೆಲೆಯ ಯಂತ್ರ ಓಡಿಸಿದ್ದೆ. ಹೇಳಿಬಿಡಲೇ ಅಂತ ನಾಲಿಗೆಯ ತುದಿಗೆ ಬಂತು. ಅತ್ತೆ ನನ್ನ ಮುಂಗೈಯನ್ನು ಹಿಡಿದುಕೊಂಡಿದ್ದಳು. ಆಯಿತು ಅತ್ತಿ, ಹೇಳುವುದಿಲ್ಲ ಅಂದೆ.

ಕೊಟ್ಟೂರಿನಿಂದ ಕೂಡ್ಲಿಗಿ ಬಸ್ಸು ಹೊರಟ ಮೇಲೆ ಫೋನು ಬಡಿದುಕೊಂಡಿತು. ಸಣ್ಣಮಾವ. ಸುತ್ತ ಯಾರೂ ಇರದ ಜಾಗಕ್ಕೆ ಹೋಗಿ ಮಾಡುತ್ತಿದ್ದ ಅಂತ ಕಾಣುತ್ತದೆ, ಗಾಳಿಯ ಸದ್ದು ಬಹಳ ಇತ್ತು.

"ಡಾಕ್ಟ್ರವ್ವ, ಅತ್ತಿಗಿಗೆ ಏನೂ ಸಂಶೆ ಬರ್ಲಿಲ್ಲ ಹೌದಲ್ಲೋ?"

"ಇಲ್ರಿ ಮಾವ," ಎಂದೆ. "ಚೂರೂ ಬಂದಿಲ್ಲ."

"ಹಂಗಾದ್ರ ನಮ್ಮಣ್ಣ ಗೆದ್ದ ಬಿಡವ್ವ," ಎಂದು ನಕ್ಕ. ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫೋನು ಮಡಿಲಲ್ಲಿಟ್ಟುಕೊಂಡು ಕೂಡ್ಲಿಗಿ ಬರುವವರೆಗೂ ಅಳುತ್ತ ಕೂತೆ. ಪಕ್ಕದ ಸೀಟಿನ ಹೆಂಗಸು ಯಾರು ತೀರಿಕೊಂಡರು ಅಂತ ಕೇಳಿದಳು, ಯಾರೂ ಇಲ್ಲ ಅಂದೆ.